ಶಿಷ್ಯರ ಊರಿನಲ್ಲಿ ಸೀನಿಯರ್ ಹುಡುಕಿದ್ದು

ಬಂಗಾರಪೇಟೆಯ ವಕೀಲ ಮುನಿರಾಜುವಿನ ಕಚೇರಿಗೆ ಕೆಲಸ ಕೇಳಲು ಹೋಗಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ ತಡ, ಆತ ಕುರ್ಚಿಯಿಂದ ಎದ್ದು ನಿಂತ.

ಮುನಿರಾಜು ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿ. ಈಗ ಸಿವಿಲ್ ಪ್ರಕರಣಗಳಲ್ಲಿ ಹೆಸರು ಮಾಡಿದ್ದಾನೆ.

ನಿವೃತ್ತನಾದ ಮೇಲೆ ಕಾನೂನು ಓದಿ ವಕೀಲಿಕೆಯ ಸನ್ನದು ಪಡೆದಿದ್ದೇನೆ, ನಿನ್ನ ಬಳಿ ಜೂನಿಯರ್ ಆಗಿ ಕೆಲಸ ಕಲಿಯಬೇಕೆಂದಿದ್ದೇನೆ ಎಂದು ವಿನಯದಿಂದಲೇ ತಿಳಿಸಿದೆ.

"ಮೇಷ್ಟ್ರೇ, ತಮಾಷೆ ಮಾಡ್ಬೇಡಿ! ನೀವು ನಿಂತಿದ್ರೆ ನಾನು ಕೂತ್ಕೊಳ್ಳೋದ್ ಎಂಗೆ? ನನ್ ಫೈಲು ನಿಮ್ ಕೈಲಿ ಎತ್ತಿಸ್ದೆ ಅಂತ ಗೊತ್ತಾದ್ರೆ ನಮ್ಮವ್ವ ಮನೆಗೆ ಸೇರ್ಸ್ತಾಳಾ?"

ಒಳ್ಳೆಯ ಕಾಫಿ ತರಿಸಿಕೊಟ್ಟ. ಕೆಲಸ ಕೊಡಲಿಲ್ಲ.

ಈ ವಯಸ್ಸಿನಲ್ಲಿ ಇದೇಕೆ ಎಂದು ನೀವೂ ಕೇಳಬಹುದು. ಬೂದಿಕೋಟೆಯಲ್ಲಿ ಪಾಠ ಮಾಡುತ್ತಿದ್ದ ಕಾಲದಿಂದಲೂ ಸುತ್ತಲಿನವರು ಕೋರ್ಟಿನ ನೋಟೀಸು ಹಿಡಿದು ನನ್ನ ಮನೆಗೆ ಬರುತ್ತಿದ್ದರು. ಓದಿ ಅರ್ಥ ಹೇಳುತ್ತಿದ್ದೆ. "ಈಗೇನ್ ಮಾಡೋದು ಸಾ?" ಎಂಬ ಮುಂದಿನ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ.

ಆ ಉತ್ತರವನ್ನು ಕಲಿಯಲೆಂದೇ ಹೊರಟವನು ನಾನು.

ದಾರಿಗಳನ್ನು ಮೊದಲೇ ವಿಚಾರಿಸಿದ್ದೆ. ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಕೋರ್ಸು, ಪದವಿ ಇರುವವರಿಗೆ ಮೂರು ವರ್ಷದ್ದು. ಮನೆಯಲ್ಲೇ ಕುಳಿತು ಪರೀಕ್ಷೆ ಬರೆಯುವ ಸುಲಭದ ಮಾರ್ಗವನ್ನೂ ಒಬ್ಬರು ಸೂಚಿಸಿದರು. ಅಂಥ ಪದವಿಗೆ ಸನ್ನದು ದೊರೆಯುವುದಿಲ್ಲವೆಂದು ತಿಳಿದು ಕೈಬಿಟ್ಟೆ. ಮೂರು ವರ್ಷ ಮೊಮ್ಮಕ್ಕಳ ವಯಸ್ಸಿನವರ ಪಕ್ಕದ ಬೆಂಚಿನಲ್ಲಿ ಕುಳಿತು, ಹಾಜರಿ ತಪ್ಪಿಸದೆ ಓದಿದೆ.

ಸನ್ನದು ಕೈಗೆ ಬಂದ ಮೇಲೆ ಒಬ್ಬನೇ ವಾದಿಸಲು ಕಾನೂನಿನ ಅಡ್ಡಿಯೇನೂ ಇಲ್ಲ. ಆದರೆ ಕೆಲಸ ಕಲಿಯದೆ ಇನ್ನೊಬ್ಬರ ಹೊಲವನ್ನು ಪಣಕ್ಕಿಡುವುದು ನನ್ನಿಂದ ಆಗದ ಮಾತು. ಸೀನಿಯರ್ ಸಿಗದಿದ್ದರೆ ಕರಿಕೋಟನ್ನು ಮಡಿಚಿ ಬೀರುವಿನಲ್ಲಿಡುವುದೆಂದು ಮನೆಯವರಿಗೂ ಹೇಳಿಬಿಟ್ಟಿದ್ದೆ.

ಮುನಿರಾಜುವಿನ ಬಳಿಕ ಇನ್ನೂ ಕೆಲವರ ಕಚೇರಿಗೆ ಹೋದೆ. ಎಲ್ಲರೂ ನನ್ನ ಶಿಷ್ಯರೇ, ಎಲ್ಲರೂ ಎದ್ದು ನಿಲ್ಲುವವರೇ... ಒಬ್ಬನಂತೂ ಶಾಲು ತರಿಸಿ ಸನ್ಮಾನವನ್ನೇ ಮಾಡಿದ. ಇಷ್ಟು ಗೌರವದಿಂದ ಕೆಲಸ ನಿರಾಕರಿಸಲ್ಪಟ್ಟ ಅರ್ಜಿದಾರ ಮತ್ತೊಬ್ಬನಿರಲಾರ.

ಕೊನೆಗೆ ಬಂಗಾರಪೇಟೆಯಿಂದ ಕೆಜಿಎಫ್ ರೈಲು ಹತ್ತಿದೆ.

ಅಲ್ಲಿ ಸೆಲ್ವರಾಣಿ ಎಂಬ ವಕೀಲೆ ಇದ್ದಾರೆ. ಅಲ್ಲಿನ ಕೋರಮಂಡಲ್ ಬಡಾವಣೆಯ ಗಣಿ ಕಾರ್ಮಿಕರೊಬ್ಬರ ಮಗಳು, ತಮಿಳು ಮಾಧ್ಯಮದಲ್ಲಿ ಓದಿದವರು. ನನ್ನ ತರಗತಿಗೆ ಎಂದೂ ಬಂದವರಲ್ಲ. ಆ ಒಂದು ಕಾರಣಕ್ಕೇ ನನಗೆ ಭರವಸೆ ಮೂಡಿತ್ತು.

ಅವರು ಎದ್ದು ನಿಲ್ಲಲಿಲ್ಲ. ಪ್ರಮಾಣಪತ್ರಗಳನ್ನೆಲ್ಲ ನೋಡಿ, ತಲೆಯಾಡಿಸಿದರು.

"ಮಾರ್ಕ್ಸ್ ಎಲ್ಲಾ ಸೂಪರ್ ಸಾರ್. ಆದ್ರೆ ನಿಮ್ಮನ್ನ ಇಟ್ಕೊಂಡ್ರೆ ನನ್ ಗತಿ ಏನು? ಬರೋ ಪಾರ್ಟಿ ನಿಮ್ ಬಿಳಿ ಕೂದಲು ನೋಡಿ ನಿಮ್ಗೇ ಕೈ ಮುಗೀತಾರೆ. ನನ್ನ ಟೈಪಿಸ್ಟ್ ಅಂದ್ಕೋತಾರೆ!"

ಹಾಗಾಗಲಾರದು ಎಂದು ನಾನು ವಿವರಿಸಲು ಆರಂಭಿಸುವಷ್ಟರಲ್ಲಿ ಕಾಮಸಮುದ್ರದ ಕಡೆಯ ರೈತರೊಬ್ಬರು ಒಳಗೆ ಬಂದರು. ಬಂದವರು ನೇರವಾಗಿ ನನ್ನ ಮುಂದೆ ನಿಂತು, ಮೇಡಂ ಅವರಿಗೆ ಬೆನ್ನು ಕೊಟ್ಟು, ಕೈ ಮುಗಿದರು.

"ಲಾಯರ್ ಸಾಮಿ, ನಮ್ ದಾಯಾದಿಗಳು ಒಲಕ್ಕೋಗೋ ದಾರಿಗೆ ಬೇಲಿ ಆಕ್ಬಿಟ್ಟವ್ರೆ. ನೀವೇ ನೋಡ್ಬೇಕು."

ರೈತರ ಹೆಗಲಿನ ಮೇಲಿಂದ ಮೇಡಂ ನನ್ನತ್ತ ನೋಡಿದರು. ತಾವು ಹೇಳಿದ್ದೇ ಸರಿಯಾಯಿತಲ್ಲವೇ ಎಂಬ ನೋಟ.

ಸತ್ಯ ಹೇಳುತ್ತೇನೆ, ದಾರಿಯ ಹಕ್ಕಿನ ಪಾಠ ನನಗೆ ಕಂಠಪಾಠವಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು...

ನುಂಗಿಕೊಂಡೆ. ಕುರ್ಚಿಯಿಂದ ಎದ್ದು, ಮೇಜಿನ ಪಕ್ಕಕ್ಕೆ ಸರಿದು, ಕೈಕಟ್ಟಿ ನಿಂತೆ. "ಲಾಯರ್ ಅವರು, ಅಗೋ ಕುಳಿತಿದ್ದಾರಲ್ಲ, ಅವರು" ಎಂದೆ.

ರೈತರು ತಿರುಗಿ ಅವರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಮತ್ತೆ ನೀವ್ಯಾರು ಸಾಮಿ?"

"ನಾನು ಇವರ ಜೂನಿಯರ್."

ಆ ಹುದ್ದೆ ನನಗಿನ್ನೂ ದೊರೆತಿರಲಿಲ್ಲ. ಮಾತು ಬಾಯಿಂದ ಜಾರಿಬಿಟ್ಟಿತ್ತು.

ರೈತರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಜವಾದ ಕನಿಕರದಿಂದ ಕೇಳಿದರು: "ಈ ವಯಸ್ಸಲ್ಲಿ ಜೂನಿಯರ್ರಾ! ಅದೆಷ್ಟ್ ಸಲ ಫೇಲಾಗಿದ್ರಿ ಸಾಮಿ?"

ಮೇಡಂ ಪೆನ್ನು ಕೆಳಗಿಟ್ಟು, "ಅಯ್ಯೋ ಕಡವುಳೇ!" ಎಂದು ತಮಿಳಿನಲ್ಲಿ ದೇವರನ್ನು ಕರೆದು, ಕಣ್ಣೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ನನ್ನಿಡೀ ಸೇವಾವಧಿಯಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು!

ನಗು ನಿಂತ ಮೇಲೆ ಅವರು ರೈತರಿಗೆ ನನ್ನ ಕುರ್ಚಿಯನ್ನು ತೋರಿಸಿ ಕೂರಿಸಿದರು. ಆಮೇಲೆ ನನ್ನ ಕಡೆಗೆ ಒಂದು ಪ್ಯಾಡ್ ನೂಕಿದರು.

"ಬರ್ಕೊಳ್ಳಿ ಸಾರ್. ಅವ್ರು ಹೇಳೋದು ಮಾತ್ರ. ನಿಮ್ಮ ವಿವರಣೆ ಬೇಡ."

ನನ್ನ ನೇಮಕಾತಿ ಆದೇಶ ಅಷ್ಟೇ. ನಿಂತೇ ಬರೆದುಕೊಂಡೆ.

ಅಂದಿನಿಂದ ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೇನೆ. ವಕಾಲತ್ತು ತುಂಬುವುದನ್ನು, ನಕಲು ಪಡೆಯುವುದನ್ನು ಕಲಿಯುತ್ತಿದ್ದೇನೆ. ನನ್ನ ಕರಡುಗಳು ಉದ್ದವಾದುವೆಂದು ಮೇಡಂ ಅರ್ಧಕ್ಕರ್ಧ ಹೊಡೆದುಹಾಕುತ್ತಾರೆ. ಮೊದಮೊದಲು ಸಂಕಟವಾಗುತ್ತಿತ್ತು, ಈಗ ಉಳಿದರ್ಧ ನಿಜಕ್ಕೂ ಚೆನ್ನಾಗಿ ಕಾಣುತ್ತದೆ.

ನಿನ್ನೆ ಮೇಡಂ ಬೇರೊಂದು ನ್ಯಾಯಾಲಯದಲ್ಲಿದ್ದಾಗ ನಮ್ಮ ಪ್ರಕರಣವನ್ನು ಕೂಗಿದರು. ನಾನು ಎದ್ದು, ಬದುಕಿನಲ್ಲಿ ಮೊದಲ ಬಾರಿಗೆ ನ್ಯಾಯಾಧೀಶರ ಎದುರು ಬಾಯಿ ತೆರೆದೆ.

"ಪಾಸ್ ಓವರ್ ಕೊಡಬೇಕು ಸ್ವಾಮಿ, ನಮ್ಮ ಸೀನಿಯರ್ ಬರುತ್ತಿದ್ದಾರೆ."

ಕೊಟ್ಟರು! ಪ್ರಕರಣವನ್ನು ಸ್ವಲ್ಪ ಹೊತ್ತಿನ ಬಳಿಕ ಕರೆಯಿರಿ ಎಂಬ ಕೋರಿಕೆ, ಅಷ್ಟೇ. ಆದರೆ ಮೇಡಂ ಹಿಂದಿನ ದಿನವೇ ಹೇಳಿಕೊಟ್ಟಿದ್ದ ಆ ಮಾತನ್ನು ರಾತ್ರಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ನನಗೆ, ದೊಡ್ಡದೊಂದು ವಾದ ಗೆದ್ದಷ್ಟೇ ಸಂತೋಷವಾಯಿತು.

ನಿಮ್ಮಲ್ಲಿ ಯಾರಾದರೂ, ತಲೆ ಪೂರ್ತಿ ನರೆತ ಮೇಲೆ ತಮಗಿಂತ ಕಿರಿಯರ ಕೈಕೆಳಗೆ ಹೊಸ ಕೆಲಸ ಕಲಿತವರಿದ್ದೀರಾ? ನಿಮ್ಮ ಮೊದಲ ವಾಕ್ಯ ಯಾವುದಾಗಿತ್ತು?