ಬಾಗ್ದಾದಿನ ಪಾಠದ ಸುಳ್ಳು

ಮಾಸ್ತರರ ಪಾದಗಳು ಎಷ್ಟು ಊದಿಕೊಂಡಿದ್ದವೆಂದರೆ, ಚಪ್ಪಲಿ ಬಿಟ್ಟು ಎಷ್ಟೋ ಹೊತ್ತಾದರೂ ಪಟ್ಟಿಯ ಗುರುತು ಹಳ್ಳ ಬಿದ್ದ ಹಾಗೇ ಇರುತ್ತಿತ್ತು. ನೋಡಿದಾಗಲೆಲ್ಲ ನಾನು "ಡಾಕ್ಟರಿಗೆ ತೋರಸ್ರೀ ಸರ್" ಎಂದರೆ, "ಪರವಾಲೇದು ತಂಗಿ" ಎಂದು ಕೈಯಾಡಿಸುತ್ತಿದ್ದರು. ವಿಜಯಪುರ ಜಿಲ್ಲೆಯ ಈ ಮನುಷ್ಯ ವಿಜಯವಾಡದ ಕಾಲೇಜೊಂದರಲ್ಲಿ ಜೀವಮಾನವಿಡೀ ಇತಿಹಾಸ ಕಲಿಸಿ, ನಿವೃತ್ತರಾದ ಮೇಲೆ ಸಮುದ್ರದ ಗಾಳಿ ಬೇಕೆಂದು ವಿಶಾಖಪಟ್ಟಣಕ್ಕೆ ಬಂದವರು. ಅವರ ಕನ್ನಡ ಊರಿನದೇ. 'ಪರವಾಗಿಲ್ಲ' ಎಂಬ ಮಾತೊಂದು ಮಾತ್ರ ತೆಲುಗಾಗಿಬಿಟ್ಟಿತ್ತು.

ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ಇಲ್ಲಿಗೆ ಹಾಕಿದಾಗ, ಎಂವಿಪಿ ಕಾಲೋನಿಯಲ್ಲಿ ಅವರ ಪಕ್ಕದ ಫ್ಲಾಟು ಸಿಕ್ಕಿತು. ಇನ್ನೂ ಸಾಮಾನು ಬಿಚ್ಚುತ್ತಿದ್ದೆ. ಗೋಡೆಯಾಚೆಯಿಂದ ಗಂಡಸಿನ ದನಿ ಒಡೆದು ಬಂತು: "ಚಂಪೇಶಾರು! ಊರಂತಾ ತಗಲಬೆಟ್ಟೇಶಾರು!" ಕೊಂದುಬಿಟ್ಟರು, ಊರಿಗೆಲ್ಲ ಬೆಂಕಿ ಇಟ್ಟುಬಿಟ್ಟರು ಎಂದು ತಿಳಿಯುವಷ್ಟು ತೆಲುಗು ನನಗೂ ಬರುತ್ತಿತ್ತು. ಕೈಯಲ್ಲಿದ್ದ ಲಟ್ಟಣಿಗೆಯ ಸಮೇತ ಓಡಿದೆ. ಹಜಾರದ ತುಂಬ ಹುಡುಗ ಹುಡುಗಿಯರು ನೆಲದ ಮೇಲೆ ಕೂತಿದ್ದಾರೆ, ಕುರ್ಚಿಯಲ್ಲಿ ಒಬ್ಬ ಮುದುಕರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾರೆ.

"ಯಾರನ್ನ ಕೊಂದ್ರು?" ಎಂದೆ, ಗಾಬರಿಗೆ ಕನ್ನಡದಲ್ಲೇ.

"ಬಾಗ್ದಾದಿನ ಖಲೀಫನ್ನ, ತಂಗಿ. ಮಂಗೋಲರು" ಎಂದರು ಅವರೂ ಕನ್ನಡದಲ್ಲೇ. "ಏಳು ನೂರು ವರ್ಷದ ಮ್ಯಾಲಾತು. ಲಟ್ಟಣಿಗಿ ಕೆಳಗ ಇಡ್ರಿ, ಚಾ ಕುಡೀರಿ."

ಅಯ್ಯ ಶಿವನೇ, ಸತ್ತು ಏಳು ಶತಮಾನವಾದವನಿಗಾಗಿ ಅಳುತ್ತಿದ್ದಾರಲ್ಲ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುಂದಿನ ತಿಂಗಳೇ ಮಗಳನ್ನು ಅವರ ಪಾಠಕ್ಕೆ ಸೇರಿಸಿದೆ. ಪದವಿ ಮುಗಿಸಿ ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಳು.

ಮಾಸ್ತರರ ಪದ್ಧತಿಯೇ ವಿಚಿತ್ರ. ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ಸುಳ್ಳು ಸೇರಿಸುತ್ತಿದ್ದರು. ಪಾಠ ಮುಗಿಯುವಾಗ ಅದನ್ನು ಹಿಡಿಯಬೇಕು. ಹಿಡಿದರೆ ಅವರ ಖರ್ಚಿನಲ್ಲಿ ಬಿಸಿ ಪುನುಗುಲು, ಅದೇ ದೋಸೆ ಹಿಟ್ಟಿನ ಬೋಂಡ. ಸೋತರೆ ಮರುದಿನ ಮಕ್ಕಳೇ ತರಬೇಕು. "ಪುಸ್ತಕ ಓದಾಕ ಎಲ್ಲಾರಿಗೂ ಬರತದ. ಹೇಳಾವನ ಮ್ಯಾಲ ಸಂಶಯ ಪಡಾಕ ಬರಬೇಕು" ಎನ್ನುತ್ತಿದ್ದರು. ನನ್ನ ಮಗಳು ಈ ಆಟದಲ್ಲಿ ಪಳಗಿಬಿಟ್ಟಳು. "ಈಕಿ ನನ್ನ ದಿವಾಳಿ ತೆಗಿತಾಳ" ಎಂದು ಅವರು ಹೆಮ್ಮೆಯಿಂದ ದೂರುತ್ತಿದ್ದರು.

ಆ ಭಾನುವಾರ ನಾನೂ ಹಿಂದೆ ಕೂತಿದ್ದೆ, ಮತ್ತದೇ ಬಾಗ್ದಾದಿನ ಪಾಠ. ನಾನಿದ್ದೇನೆಂದು ನಡುನಡುವೆ ಕನ್ನಡಕ್ಕೆ ಹೊರಳುತ್ತಿದ್ದರು. "ಮಂಗೋಲರು ಬರೂದಕ್ಕ ಎಷ್ಟೋ ಮದಲ ಖಲೀಫನ ಕೈಯಾಗ ಏನೂ ಉಳದಿದ್ದಿಲ್ಲ. ಸುಭೇದಾರರು, ಸೇನಾಪತಿಗಳು ರಾಜ್ಯ ಹಂಚಕೊಂಡಿದ್ರು. ಶುಕ್ರವಾರದ ಪ್ರಾರ್ಥನಾದಾಗ ಅವನ ಹೆಸರು, ನಾಣ್ಯದ ಮ್ಯಾಲ ಅವನ ಹೆಸರು. ಮಂದಿ, ಎಲ್ಲಾ ಗಟ್ಟಿ ಅದ ಅಂತನ ತಿಳದಿದ್ರು."

ಹೇಳುತ್ತ ಹೇಳುತ್ತ ಕುರ್ಚಿಯ ತೋಳು ಹಿಡಿದು ನಿಂತರು. ಉಸಿರು ಸಾಲುತ್ತಿರಲಿಲ್ಲ. ನಾನು ತಡೆಯಲಾರದೆ, "ಆಸ್ಪತ್ರೆಗೆ ಹೋಗಿದ್ರೋ ಇಲ್ಲೋ?" ಎಂದು ಗದರಿದೆ.

"ನಿನ್ನೆ ಹೋಗಿ ಬಂದ್ನೆಲ್ಲ, ಇಲ್ಲೇ ಮೂಲಿ ಮ್ಯಾಗಿನ ಆಸ್ಪತ್ರಿಗೆ. ಹೃದಯ ಹುಲಿ ಹಂಗ ಅದ ಅಂದ್ರು!"

ಎಲ್ಲರೂ ನಕ್ಕೆವು. ಅಬ್ಬಾ, ಅಂತೂ ತೋರಿಸಿದರಲ್ಲ ಎಂದು ನನಗೆ ಎದೆಯ ಭಾರ ಇಳಿಯಿತು. ಪಾಠ ಮುಂದೆ ಹೋಯಿತು: ರಾಜ್ಯ ಮುಳುಗಿದರೂ ಧರ್ಮ ಮುಳುಗಲಿಲ್ಲ; ಬಾಗ್ದಾದನ್ನು ಸುಟ್ಟವನ ಮನೆತನದವರೇ ಮುಂದೆ ಸೋತವರ ಧರ್ಮ ಹಿಡಿದರು; ವರ್ತಕರ ಹಡಗಿನಲ್ಲಿ, ಸೂಫಿಗಳ ಜೊತೆಯಲ್ಲಿ ಅದು ಸುಮಾತ್ರಾ, ಮಲಾಕ್ಕಾವರೆಗೂ ಹೋಯಿತು.

"ಹಿಡೀರಿ ನೋಡೋಣು, ಸುಳ್ಳು ಯಾವ್ದು?"

"ಗೆದ್ದವರು ಸೋತವರ ಧರ್ಮಕ್ಕೆ ಸೇರಿದ್ದು!" ಎಂದು ಮಗಳು ಕೂಗಿದಳು.

"ಖರೇನ ಅದು." ಮಲಾಕ್ಕಾ ಎಂದಿತು ಮತ್ತೊಂದು ದನಿ. ಅದೂ ನಿಜ. ನಾಣ್ಯದ ಮಾತೂ ನಿಜ. ಮಗಳ ಮುಖ ಸಪ್ಪಗಾಯಿತು. "ಸೋತ್ರಿ! ನಾಳೆ ಪುನುಗುಲು ತರ್ರಿ. ತಿನ್ನೂ ಮುಂದ ಹೇಳ್ತೀನಿ" ಎಂದು ಮಾಸ್ತರರು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಮಗಳು ಪೊಟ್ಟಣ ಹಿಡಿದು ಬಾಗಿಲು ತಳ್ಳಿದಳು. ಅವರು ಕುರ್ಚಿಯಲ್ಲೇ ಇದ್ದರು, ತಲೆ ಒಂದು ಕಡೆ ವಾಲಿತ್ತು. ಅವಳ ಚೀರಾಟ ಕೇಳಿ ನಾನು ಮತ್ತೆ ಓಡಿದೆ. ಈ ಸಲ ಕುಡಿಯಿರಿ ಎಂದು ಚಹಾ ಕೊಡುವವರು ಯಾರೂ ಇರಲಿಲ್ಲ.

ಮೂಲೆಯ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ರಾತ್ರಿಯೇ ಹೃದಯ ನಿಂತಿದೆ ಎಂದರು ಡಾಕ್ಟರು. "ಮೊನ್ನೆ ನೀವೇ ಪರೀಕ್ಷೆ ಮಾಡಿ ಚೆನ್ನಾಗಿದೆ ಎಂದಿರಲ್ಲ!" ಎಂದು ನಾನು ಡಾಕ್ಟರ ಮೇಲೆ ಏರಿಹೋದೆ. ಆತ ಪಿಳಿಪಿಳಿ ನೋಡಿದರು. ಶನಿವಾರವಿಡೀ ತಾವೇ ಡ್ಯೂಟಿಯಲ್ಲಿದ್ದರಂತೆ. ಈ ಹಿರಿಯರನ್ನು ಎಂದೂ ನೋಡಿಲ್ಲವಂತೆ. ಪಾದ ಒತ್ತಿ ನೋಡಿ, "ಈ ಊತ ತಿಂಗಳುಗಳದ್ದಮ್ಮಾ, ಯಾರೂ ಚೂಡಲೇದಾ?" ಎಂದರು. ಯಾರೂ ನೋಡಲಿಲ್ಲವೇ? ದಿನಾ ನೋಡುತ್ತಿದ್ದೆನಲ್ಲ!

ಹೊರಗೆ ಬೆಂಚಿನ ಮೇಲೆ ಮಗಳು ಆರಿಹೋದ ಪುನುಗುಲು ಮಡಿಲಲ್ಲಿಟ್ಟುಕೊಂಡು, ನಿನ್ನೆಯ ಪಾಠವನ್ನು ಮೊದಲಿಂದ ಕೊನೆಯವರೆಗೆ ಪಿಸುಗುಟ್ಟುತ್ತಿದ್ದಳು. ಮಾಸ್ತರರು ಶನಿವಾರ ಇಲ್ಲಿಗೆ ಬಂದೇ ಇರಲಿಲ್ಲವಂತೆ ಎಂದು ನಾನು ಹೇಳಿದೆ. ಅವಳು ಥಟ್ಟನೆ ನಿಲ್ಲಿಸಿದಳು.

"ಅಮ್ಮಾ, ಪಾಠದಾಗ ಎಲ್ಲಾ ಖರೇನ ಇತ್ತು" ಎಂದಳು. "ಅಜ್ಜ ಹೇಳಿದ ಸುಳ್ಳು ಹುಲೀದೊಂದ."

ಅವಳೀಗ ವಿಜಯವಾಡದಲ್ಲಿ ಇತಿಹಾಸ ಕಲಿಸುತ್ತಾಳೆ, ಪಾಠಕ್ಕೊಂದು ಸುಳ್ಳು ಸೇರಿಸಿ. ಹೋದ ವಾರ ನನಗೆ ತಲೆ ತಿರುಗಿ, ಸಹೋದ್ಯೋಗಿಗಳು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಲ್ಲಿರುವಾಗಲೇ ಮಗಳ ಫೋನು ಬಂತು. "ಪರವಾಲೇದು, ಬರೇ ಬಿ.ಪಿ. ಅಂತ" ಎಂದೆ.

"ಡಾಕ್ಟರ ಕೈಯಾಗ ಫೋನ್ ಕೊಡು" ಎಂದಳು.