ಧರ್ಮದ ಕಾಯಿಯ ಮೇಲೆ ಕೂತದ್ದು

ನನ್ನ ಗಂಡ ಹಳೇಬೀಡಿನಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಹಗಲು ಮಕ್ಕಳಿಗೆ ಪಾಠ, ಬೆಳಗಿನ ಜಾವ ತಮ್ಮ ಓದು. ಕೆಲಸ ಬಿಟ್ಟು ಮೈಸೂರಿನ ಕಾಲೇಜು ಸೇರಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕೂರಲು ಅವರಿಗೆ ಅಪ್ಪಣೆ ಸಿಕ್ಕಿತ್ತು. ಶುಲ್ಕ ಕಟ್ಟುವುದೊಂದೇ ಬಾಕಿ. ಅದಕ್ಕೆ ನಾವು ಅರಸೀಕೆರೆಗೆ ಹೊರಟ ದಿನವೇ ಕೊನೆಯ ದಿನ. ಅರಸೀಕೆರೆಯ ಖಜಾನೆ ಬಾಗಿಲು ಹಾಕುವುದರೊಳಗೆ ಕಟ್ಟದಿದ್ದರೆ ಆ ವರ್ಷದ ಓದು ನೀರಿಗೆ ಹೋದಂತೆ. ನನ್ನ ಕಿವಿಯ ಓಲೆ ಹಿಂದಿನ ಪರೀಕ್ಷೆಗೇ ಹೋಗಿತ್ತು. ಮಾರಲು ಇನ್ನೇನೂ ಇರಲಿಲ್ಲ.

ಅರಸೀಕೆರೆಯ ತೆಂಗಿನಕಾಯಿ ಮಂಡಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಗಾಡಿಯಿಂದಲೂ ಒಂದಿಷ್ಟು ಕಾಯಿ ತೆಗೆದು ಧರ್ಮಕ್ಕೆಂದು ಬೇರೆ ರಾಶಿ ಹಾಕುತ್ತಿದ್ದರು. ಅದನ್ನು ಮಾರಿ ಬಂದ ಹಣ ಓದುವ ಹುಡುಗರಿಗೆ. ಹುಲಿಕೆರೆಯಿಂದ ಗಾಡಿ ಕಟ್ಟುತ್ತಿದ್ದ ನಮ್ಮಪ್ಪ ಒಂದು ಸಲವೂ ಆ ಕಾಯಿ ತಪ್ಪಿಸಿದವನಲ್ಲ. ಮಂಡಿಯ ಸಾಹುಕಾರರನ್ನು ಕೇಳಿ ಎಂದು ನಾನು ತಿಂಗಳಿಂದ ಹೇಳುತ್ತಿದ್ದೆ. ನನ್ನ ಗಂಡನಿಗೆ ನಾಚಿಕೆ. ಕೊನೆಗೆ ನಾನೇ ಅವರನ್ನು ಹೊರಡಿಸಿಕೊಂಡು ಬಸ್ಸು ಹತ್ತಿದೆ.

ಯುದ್ಧದ ಕಾಲ. ಪೆಟ್ರೋಲ್ ಇಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು. ಜಾವಗಲ್ ದಾಟಿ ಏರಿನಲ್ಲಿ ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ನನ್ನ ಗಂಡ ತಳ್ಳುವುದು ಬಿಟ್ಟು ಸೂರ್ಯನನ್ನು ನೋಡುತ್ತಿದ್ದರು.

"ಅವನನ್ನ ನೋಡಿದ್ರೆ ಬಸ್ಸು ಹೋಗಾಕಿಲ್ಲ, ತಳ್ಳಿ" ಎಂದೆ.

ಮಂಡಿ ತಲುಪಿದಾಗ ಸಾಹುಕಾರರು ಗಾದಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನನ್ನ ಗಂಡ ಕೈಕಟ್ಟಿ ನಿಂತು ವಿಷಯ ಹೇಳಿದರು. ಅರ್ಧ ಮಾತು ಬಾಯೊಳಗೇ ಉಳಿಯಿತು.

"ಸಂಬಳ ತಗೊಳ್ಳೋ ಮೇಷ್ಟ್ರಿಗೆ ಧರ್ಮ ಯಾಕ್ರೀ? ಇದು ಹಾಸ್ಟೆಲ್‌ನಾಗಿರೋ ಹುಡುಗ್ರಿಗೆ. ನೀವು ಹುಡುಗ್ರಾ?"

ಸುತ್ತಲಿದ್ದವರು ನಕ್ಕರು. ನನ್ನ ಗಂಡ "ಸರಿ ಸ್ವಾಮಿ" ಎಂದು ತಿರುಗಿಯೇ ಬಿಟ್ಟರು. ನಾನು ತಿರುಗಲಿಲ್ಲ.

"ದುಡ್ಕೊಂಡು ಓದೋರು ಓದೋರಲ್ವಾ ಸಾವ್ಕಾರ್ರೆ? ನಮ್ಮಪ್ಪ ಕಾಯಿ ಕೊಡೋವಾಗ ಹಾಸ್ಟೆಲ್ ಹುಡುಗ್ರಿಗೆ ಮಾತ್ರ ಅಂತ ನೀವು ಹೇಳಿರಲಿಲ್ಲ."

"ಹಂಗಾರೆ ನಿಮ್ಮಪ್ಪನ ಕಾಯಿ ಎತ್ಕೊಂಡು ಹೋಗಮ್ಮ. ರಾಶಿ ಅಲ್ಲೈತೆ" ಎಂದು ಸಾಹುಕಾರರು ಮತ್ತೆ ನಗಿಸಿದರು.

ನಾನು ಹೋಗಿ ಆ ರಾಶಿಯ ಮೇಲೆ ಕೂತೆ.

ಕೂರುವಾಗ ನನಗೆ ಗೊತ್ತಿದ್ದದ್ದು ಒಂದೇ. ಹರಾಜಿನ ಮೊದಲ ಕೂಗು ಧರ್ಮದ ರಾಶಿಗೆ. ಅದು ಹರಾಜಾಗದೆ ಮಂಡಿಯಲ್ಲಿ ಬೇರೆ ಒಂದು ಕಾಯಿಗೂ ಬೆಲೆ ಕೂಗುವಂತಿಲ್ಲ. ಇದನ್ನು ನಮ್ಮಪ್ಪ ಎಷ್ಟೋ ಸಲ ಹೇಳಿದ್ದ. ಹರಾಜು ಕೂಗುವವನು ಬಂದು ನನ್ನೆದುರು ನಿಂತ.

"ಏಳಮ್ಮ, ಹೊತ್ತಾಯ್ತು."

"ನನಗೂ ಹೊತ್ತಾಗ್ತೈತೆ. ಖಜಾನೆ ಬಾಗ್ಲು ಹಾಕ್ತಾರೆ."

ಹೆಂಗಸನ್ನು ಕೈಹಿಡಿದು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದೆ ಗಾಡಿಗಳು ಸಾಲುಗಟ್ಟಿದವು. ಎತ್ತುಗಳು ಗೊರಸಿನಿಂದ ನೆಲ ಕೆರೆದವು. ವ್ಯಾಪಾರಿಗಳು ಗೊಣಗಿದರು. ಸುಲಿದ ಕಾಯಿಯ ಜುಟ್ಟು ತೊಡೆಗೆ ಚುಚ್ಚುತ್ತಿತ್ತು. ನನ್ನ ಗಂಡ ಬಾಗಿಲ ಬಳಿ ಮುಖ ಒರೆಸಿಕೊಳ್ಳುತ್ತಾ, "ಬಾರೇ, ಮಾನ ಹೋಯ್ತು" ಎಂದರು. ಮಾನ ನಾಳೆಯೂ ಬರುತ್ತದೆ, ಖಜಾನೆ ನಾಳೆ ಈ ಹಣ ತೆಗೆದುಕೊಳ್ಳುವುದಿಲ್ಲ. ನಾನು ಅವರ ಕಡೆ ನೋಡಲಿಲ್ಲ.

ತಿಪಟೂರಿನಿಂದ ಕೊಳ್ಳಲು ಬಂದಿದ್ದ ಮುದುಕ ವ್ಯಾಪಾರಿಯೊಬ್ಬ ಛತ್ರಿ ನೆಲಕ್ಕೆ ಕುಟ್ಟಿದ. "ಸಾವ್ಕಾರ್ರೆ, ನನಗೆ ರೈಲೈತೆ. ಆಯಮ್ಮನ್ನ ಕಳ್ಸಿ, ಇಲ್ಲ ನಮ್ಮನ್ನ ಕಳ್ಸಿ."

ಸಾಹುಕಾರರು ಬಾಯಲ್ಲಿದ್ದ ಎಲೆ ಉಗಿದರು. ಆಮೇಲೆ ನನ್ನ ಗಂಡನನ್ನು ಕರೆದರು.

"ಪುಕ್ಕಟೆ ಕೊಡಾಕಿಲ್ಲ ಮೇಷ್ಟ್ರೇ. ಭಾನುವಾರ ಬಂದು ಹಾಸ್ಟೆಲ್ ಹುಡುಗ್ರಿಗೆ ಲೆಕ್ಕ ಹೇಳ್ಕೊಡಿ. ಒಂದು ವರ್ಷ. ಒಪ್ಪಿಗೆನಾ?"

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಕಾಯಿಯ ಮೇಲಿಂದಲೇ "ಒಪ್ಪಿಗೆ" ಎಂದೆ. ಹಣವನ್ನು ನಮ್ಮ ಕೈಗೆ ಕೊಡದೆ ಗುಮಾಸ್ತನ ಕೈಗೆ ಕೊಟ್ಟು ನನ್ನ ಗಂಡನ ಜೊತೆ ಕಳಿಸಿದರು. ಅವರಿಬ್ಬರೂ ಓಡಿದ ಮೇಲೂ ನಾನು ಏಳಲಿಲ್ಲ. ಹರಾಜಿನವನು ಕೈಮುಗಿದ.

"ಕೊಟ್ಟಾಯ್ತಲ್ಲ ತಾಯಿ."

"ಕಟ್ಟಾಯ್ತು ಅಂತ ಬರಲಿ."

ಬೈದರು. ಬೈಯಲಿ. ಗುಮಾಸ್ತ ಬೆವರು ಒರೆಸಿಕೊಳ್ಳುತ್ತಾ ಬಂದು, ಜವಾನ ಬಾಗಿಲಿಗೆ ಕೈ ಹಾಕಿದ್ದಾಗ ಒಳಗೆ ನುಗ್ಗಿ ಕಟ್ಟಿದೆವು ಎಂದ. ಆಗ ಎದ್ದೆ. ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಗಂಡ ಶುಲ್ಕದ ರಸೀದಿಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುತ್ತಿದ್ದರು. ಜಾವಗಲ್ ಬಂದ ಮೇಲೆ, "ಅಷ್ಟು ಜನರ ಮುಂದೆ ಹಂಗೆ ಕೂತ್ಬಿಟ್ಯಲ್ಲೇ" ಎಂದರು.

"ನಿಂತಿದ್ರೆ ಪಕ್ಕಕ್ಕೆ ಸರಿ ಅಂತಿದ್ರು" ಎಂದೆ.

ಆ ವರ್ಷ ಪೂರ್ತಿ ಪ್ರತಿ ಭಾನುವಾರ ಅವರು ಇದ್ದಿಲ ಬಸ್ಸಿನಲ್ಲಿ ಅರಸೀಕೆರೆಗೆ ಹೋಗಿ ಲೆಕ್ಕ ಹೇಳಿಕೊಟ್ಟರು. ಪರೀಕ್ಷೆ ಪಾಸಾಯಿತು. ಅದರ ಮುಂದಿನ ಸುಗ್ಗಿಯಲ್ಲಿ ಇನ್ನೊಬ್ಬ ಮೇಷ್ಟ್ರು ಶುಲ್ಕ ಕೇಳಲು ಹೋದಾಗ ಸಾಹುಕಾರರು ಮೊದಲು, ಹೆಂಡತಿ ಜೊತೆಗೆ ಬಂದಿದ್ದಾಳಾ ಎಂದು ಕೇಳಿದರಂತೆ. ಬಂದಿಲ್ಲ ಎಂದು ಗೊತ್ತಾದ ಮೇಲೂ ಕೊಟ್ಟರು.