ಒಬ್ಬಳೇ ಕೂರುವ ಆಸೆ

ನನಗೊಂದು ದುರಭ್ಯಾಸವಿದೆ. ಎದುರಿಗಿರುವವರ ಮಾತನ್ನು ನಾನೇ ಮುಗಿಸಿಬಿಡುತ್ತೇನೆ. ಪಾಪ, ಅವರು ಒಂದು ಕ್ಷಣ ತಡವರಿಸಿದರೆ ಸಾಕು, ಕನ್ನಡದ್ದೊಂದು ತೆಲುಗಿನದ್ದೊಂದು ಪದ ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿರುತ್ತದೆ. ಚಿಂತಾಮಣಿಯ ನಮ್ಮ ಮನೆಯಲ್ಲಿ ಇದನ್ನು ಯಾರೂ ತಪ್ಪೆಂದುಕೊಂಡಿಲ್ಲ. ಅಲ್ಲಿ ಒಬ್ಬರು ಶುರು ಮಾಡಿದ ಮಾತನ್ನು ಇನ್ನೊಬ್ಬರು ಮುಗಿಸಿಕೊಡುವುದೇ ಪ್ರೀತಿ. ಸುಮ್ಮನೆ ಕೇಳುತ್ತಾ ಕುಳಿತರೆ "ಏನಮ್ಮಾ, ಕೋಪಾನಾ?" ಎಂದು ಕಾಫಿ ತಂದುಕೊಡುತ್ತಾರೆ. ಇಂಥ ಮನೆಯ ಹುಡುಗಿ ಸಮಾಜಕಾರ್ಯ ಓದಿ, ಬಾಯಿ ಮುಚ್ಚಿಕೊಂಡು ಕೇಳುವುದೇ ಕಸುಬಾದ ಕೆಲಸಕ್ಕೆ ಬಂದು ಬಿದ್ದಳು ನೋಡಿ.

ನಾನು ಸೇರಿದ್ದು ಚಿಕ್ಕಬಳ್ಳಾಪುರದ ಒಂದು ಆಪ್ತಸಮಾಲೋಚನಾ ಕೇಂದ್ರಕ್ಕೆ. ಅಲ್ಲಿ ಒಂದು ಕಟ್ಟಳೆಯಿತ್ತು. ಹೊಸಬರು ಎರಡು ವರ್ಷ ಹಿರಿಯರೊಬ್ಬರ ಪಕ್ಕದಲ್ಲೇ ಕೂತು ಕೆಲಸ ಮಾಡಬೇಕು. ಆ ಹಿರಿಯರು "ಇನ್ನು ನೀನು ಒಬ್ಳೇ ಕೂರಬಹುದು" ಎಂದಮೇಲಷ್ಟೇ ಸ್ವಂತವಾಗಿ ಜನರನ್ನು ಕಾಣಬಹುದು, ಬೇಕಿದ್ದರೆ ನಮ್ಮದೇ ಕೋಣೆ ತೆರೆಯಬಹುದು. ನನಗೆ ಸಿಕ್ಕ ಹಿರಿಯರು ಶಿಡ್ಲಘಟ್ಟದ ನಸೀಮಾ ಮೇಡಂ. ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ ಹುಟ್ಟಿದವರು. ಅವಸರ ಎಂಬುದು ಅವರಿಗೆ ಗೊತ್ತೇ ಇಲ್ಲ. ನನಗೋ ಅದೊಂದೇ ಗೊತ್ತಿದ್ದದ್ದು.

ಒಬ್ಬಳೇ ಕೂರಬೇಕೆಂಬ ಆಸೆ ಆಗ ನನ್ನನ್ನು ಎಷ್ಟು ಹಿಡಿದಿತ್ತೆಂದರೆ, ಗೌರಿಬಿದನೂರಿನಲ್ಲಿ ಮುಂದೆಂದೋ ತೆರೆಯಬೇಕಾದ ಕೋಣೆಯ ಪರದೆಗೆ ಬಣ್ಣ ಕೂಡ ಆರಿಸಿದ್ದೆ. ತಿಳಿಹಸಿರು. ಅಳುವವರ ಕಣ್ಣಿಗೆ ತಂಪು ಎಂದು ನನ್ನ ಲೆಕ್ಕ. ಕನ್ನಡಿಯ ಮುಂದೆ ನಿಂತು ಗಂಭೀರವಾಗಿ "ಹ್ಞೂಂ" ಎನ್ನುವುದನ್ನೂ ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಹೊರಗಿನಿಂದ "ಯಾರೇ ಅದು ಫೋನಲ್ಲಿ?" ಎಂದು ಕೇಳಿ ನನ್ನ ಗಾಂಭೀರ್ಯವೆಲ್ಲ ಮಣ್ಣುಪಾಲಾಗುತ್ತಿತ್ತು.

ಯೋಚಿಸಿದರೆ, ಹಿರಿಯರ ಕಣ್ಗಾವಲಿಲ್ಲದ ಕಲಿಕೆ ಎಲ್ಲಿದೆ ಹೇಳಿ? ದರ್ಜಿಯ ಅಂಗಡಿಗೆ ಸೇರಿದವನು ಮೊದಲು ಗುಂಡಿ ಹಚ್ಚಬೇಕು, ಕಾಜಾ ಹೊಲಿಯಬೇಕು. ಕತ್ತರಿ ಕೈಗೆ ಬರುವುದು ಆಮೇಲೆ. ಸಂಗೀತ ಕಲಿಯುವವರು ಗುರುವಿನ ಹಿಂದೆ ತಂಬೂರಿ ಹಿಡಿದು ಎಷ್ಟೋ ಕಾಲ ಕೂರಬೇಕು. ಹೊಸ ಸೊಸೆ ಸಾರಿಗೆ ಉಪ್ಪು ಹಾಕುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಏನೋ ಹುಡುಕುವವರಂತೆ ನಿಂತಿರುತ್ತಾರೆ. ಆದರೆ ಅಲ್ಲೆಲ್ಲ ತಪ್ಪಾದರೆ ಕಾಣುತ್ತದೆ. ತೋಳು ಗಿಡ್ಡವಾಗುತ್ತದೆ, ಸಾರು ಉಪ್ಪಾಗುತ್ತದೆ. ನಮ್ಮ ಕಸುಬಿನಲ್ಲಿ ತಪ್ಪು ಮಾಡಿದರೆ ಎದುರಿಗಿರುವವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಬರ್ತೀನಮ್ಮ" ಎಂದು ಹೇಳಿ ಹೋಗುತ್ತಾರೆ. ಮತ್ತೆ ಬರುವುದಿಲ್ಲ, ಅಷ್ಟೆ.

ಹೀಗೆ ಒಮ್ಮೆ ಮೇಡಂ ಮತ್ತು ನಾನು ಒಬ್ಬ ಹೆಂಗಸಿನ ಮನೆಗೆ ಹೋಗಿದ್ದೆವು. ಮೇಲೂರಿನ ಕಡೆಯವರು ಅನ್ನೋಣ. ಊರು ಬೇರೆಯೇ, ಆದರೆ ಯಾವುದಾದರೂ ಒಂದು ಊರು ಬೇಕಲ್ಲ. ಗಂಡ ತೀರಿಕೊಂಡು ಕೆಲವು ತಿಂಗಳಾಗಿತ್ತು, ಆಕೆ ಊಟ ನಿದ್ದೆ ಬಿಟ್ಟಿದ್ದರು. "ಅವರು ಹೋದ ದಿನ ನಂಗೆ..." ಎಂದು ನಿಲ್ಲಿಸಿದರು. ನಾನು ಸುಮ್ಮನಿರುವ ಪೈಕಿಯೇ? "ದುಃಖ ತಡಿಯಕ್ಕೆ ಆಗ್ಲಿಲ್ಲ, ಅಲ್ವೇನಮ್ಮ?" ಎಂದೆ. ಆಕೆ "ಹೂಂ ಕಣಮ್ಮ" ಎಂದರು. ಮಾತು ಅಲ್ಲಿಗೇ ನಿಂತಿತು.

ಮುಂದಿನ ವಾರ ಮೇಡಂ ನನ್ನನ್ನು ಮತ್ತೆ ಅದೇ ಮನೆಗೆ ಕರೆದುಕೊಂಡು ಹೋದರು. ಆಕೆ ಮತ್ತೆ ಅಲ್ಲೇ ತಡವರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮೆಲ್ಲಗೆ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು. ಅಬ್ಬಾ, ಆ ಮೌನ! ಹೊರಗೆ ಕೋಳಿಯೊಂದು ಕೆದಕುವ ಸದ್ದು ಬಿಟ್ಟರೆ ಏನೂ ಇಲ್ಲ. ಕೊನೆಗೆ ಆಕೆ ನೆಲ ನೋಡುತ್ತಾ ಹೇಳಿದರು: "ನಂಗೆ ನಿರಾಳ ಆಯ್ತು ಕಣಮ್ಮ. ಇನ್ಮೇಲೆ ಯಾರೂ ಹೊಡಿಯಲ್ಲ ಅಂತ." ಆಮೇಲೆ ಬಿಕ್ಕಿ ಬಿಕ್ಕಿ ಅತ್ತರು. ನಾನು ಹಿಂದಿನ ವಾರ ಅವರ ಬಾಯಿಗೆ ತುರುಕಿದ್ದು ಎಂಥ ಮಾತು!

ಹಿಂದಿರುಗುವಾಗ ಬಸ್ಸಿನಲ್ಲಿ ನನ್ನ ಮುಖ ಸಪ್ಪಗಾಗಿತ್ತು. ಮೇಡಂ ಚೀಲದಿಂದ ಸೀಬೆಹಣ್ಣು ತೆಗೆದು ಅರ್ಧ ಕೊಟ್ಟು, "ತಿನ್ನು ಬೇಟಾ. ಬಾಯಿಗೆ ಕೆಲ್ಸ ಕೊಡು" ಎಂದರು. ಇಬ್ಬರೂ ನಕ್ಕೆವು. ಆಮೇಲೆ ಊರು ಬರುವವರೆಗೂ ಅಂದಿನ ಭಾರವನ್ನೆಲ್ಲ ನಾನು ಅವರ ಮುಂದೆ ಸುರಿದೆ. ಪ್ರತಿ ಸಲವೂ ಹೀಗೇ. ಆ ಬಸ್ಸಿನ ಹರಟೆಯೂ ನನ್ನ ತರಬೇತಿಯ ಭಾಗವೆಂದು ನನಗೆ ಆಗ ಹೊಳೆದಿರಲಿಲ್ಲ.

ಅಂತೂ ಒಂದು ದಿನ ಮೇಡಂ "ಒಬ್ಳೇ ಕೂರಬಹುದು" ಎಂಬ ಆ ಮಾತು ಹೇಳಿಯೇಬಿಟ್ಟರು. ಗೌರಿಬಿದನೂರಿನಲ್ಲಿ ಕೋಣೆ ಆಯಿತು, ತಿಳಿಹಸಿರು ಪರದೆ ಬಂತು. ಜನರೂ ಬಂದರು. ಮೊದಲ ದಿನ ಒಬ್ಬಳೇ ಕೂತಾಗ ಆದ ಖುಷಿಯನ್ನು ಏನೆಂದು ಹೇಳಲಿ! ಖುಷಿ ಸಂಜೆಯವರೆಗಿತ್ತು. ಬಾಗಿಲು ಹಾಕಿ ಹೊರಟಾಗ, ಕೇಳಿದ್ದೆಲ್ಲ ಎದೆಯೊಳಗೆ ಹಾಗೇ ಕೂತಿತ್ತು. ಮನೆಯಲ್ಲಿ ಹೇಳುವಂತಿಲ್ಲ, ಗೆಳತಿಯರಿಗಂತೂ ಮೊದಲೇ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಯಾರೋ ಕೂತು ಮೊಬೈಲು ನೋಡುತ್ತಿದ್ದರು. ನನಗೆ ಮೇಡಂ ಬೇಕೆನ್ನಿಸಿತು. ಚಿಕ್ಕ ಮಗುವಿಗೆ ಅನ್ನಿಸುವಷ್ಟು ಬೇಕೆನ್ನಿಸಿತು. ಆದರೂ ಫೋನ್ ಮಾಡಲಿಲ್ಲ. ಎರಡು ವರ್ಷ ಕಾಡಿ ಬೇಡಿ ಪಡೆದ ಸ್ವಾತಂತ್ರ್ಯ, ಮೊದಲ ದಿನಕ್ಕೇ ಸಾಕಾಯಿತೆಂದು ಯಾವ ಬಾಯಲ್ಲಿ ಹೇಳಲಿ?

ಹೀಗೆ ಹಂಬಲಿಸುತ್ತಲೇ ತಿಂಗಳುಗಳು ಕಳೆದವು. ಮೊನ್ನೆ ಭಾನುವಾರ ನನ್ನ ಕೋಣೆಯಲ್ಲಿದ್ದಾಗ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಸೀಮಾ ಮೇಡಂ! ಶಿಡ್ಲಘಟ್ಟದಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ನನ್ನ ಕೆಲಸ ನೋಡಲೆಂದೇ ಬಂದಿದ್ದಾರೆಂದುಕೊಂಡು ನಾನು ಗಡಿಬಿಡಿಯಲ್ಲಿ ಮೇಜು ಒರೆಸಿದೆ, ಬಿದ್ದ ಪೆನ್ನು ಎತ್ತಿದೆ, ಈಚೆಗೆ ಹೇಗೆ ಬಾಯಿ ಮುಚ್ಚಿಕೊಂಡು ಕೇಳುತ್ತೇನೆ ಎಂಬ ವರದಿಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಎಲ್ಲ ಕೇಳಿ, ನನ್ನ ಬಳಿ ಬರುವವರು ಕೂರುವ ಕುರ್ಚಿಯಲ್ಲಿ ಹೋಗಿ ಕುಳಿತರು.

"ಮೇಡಂ, ಅಲ್ಲಲ್ಲ, ಈ ಕಡೆ ಬನ್ನಿ" ಎಂದೆ.

"ಇಲ್ಲೇ ಸರಿ ಬೇಟಾ. ಎಲ್ರೂ ಬಂದು ನಂಗೆ ಹೇಳ್ತಾರೆ. ನಂಗೆ ಈ ಕೆಲ್ಸ ಕಲಿಸಿದ ನನ್ನ ಮೇಡಂ ತೀರಿಕೊಂಡು ಎಷ್ಟೋ ವರ್ಷ ಆಯ್ತು. ಆವತ್ತಿಂದ ನಾನು ಯಾರಿಗೂ ಹೇಳಿಲ್ಲ." ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ನೀನು ಯಾವಾಗ ತಯಾರಾಗ್ತೀಯೋ ಅಂತ ಕಾಯ್ತಾ ಇದ್ದೆ."

ಪರಿಚಯದವರಿಗೆ ನಾವೇ ಸಮಾಲೋಚಕರಾಗಬಾರದೆಂದು ಪುಸ್ತಕಗಳು ಹೇಳುತ್ತವೆ, ನನಗೆ ಗೊತ್ತು. ಆದರೂ ಎದ್ದು ಬಾಗಿಲು ಮುಂದೆ ಮಾಡಿ ಅವರ ಎದುರು ಬಂದು ಕುಳಿತೆ. ಅವರು ಹೇಳಿದ್ದೇನೆಂದು ನೀವು ಎಷ್ಟು ಕೇಳಿದರೂ ಹೇಳುವುದಿಲ್ಲ.